ವರ್ಕ್‌ಶಾಪಿನ ಇಟ್ಟಿಗೆ ಗೋಡೆಯನ್ನು ಬಿಚ್ಚಿ ಮತ್ತೆ ಕಟ್ಟುವ ಬಗೆ

ಬೆಂಗಳೂರಿನ ಹನುಮಂತನಗರ, ಶ್ರೀನಗರ, ರಾಜಾಜಿನಗರದಂತಹ ಹಳೆಯ ಬಡಾವಣೆಗಳ ಮನೆಗಳಲ್ಲಿ ಹಿತ್ತಲಿನ ಕಡೆಗೆ ಶೀಟು ಹೊದಿಸಿದ ಒಂದು ಕೊಠಡಿ ಇರುವುದು ಸಾಮಾನ್ಯ. ಮೊದಲು ಸೌದೆಗೋ ನೀರೊಲೆಗೋ ಮೀಸಲಾಗಿದ್ದ ಆ ಜಾಗವೇ ಈಗ ಹಲವರಿಗೆ ಮರಗೆಲಸದ, ವೆಲ್ಡಿಂಗಿನ, ಚಿಕ್ಕಪುಟ್ಟ ರಿಪೇರಿಯ ವರ್ಕ್‌ಶಾಪು. ವಾಸದ ಕೋಣೆಗಳ ಗೋಡೆಗೆ ಸಿಗುವ ಆರೈಕೆ ಈ ಗೋಡೆಗಳಿಗೆ ಸಿಗುವುದಿಲ್ಲ. ಬಿರುಕು ಬಿಟ್ಟರೆ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕುತ್ತೇವೆ, ಇಟ್ಟಿಗೆ ಉದುರಿದರೆ ಆ ಮೂಲೆಗೆ ಹಲಗೆಗಳನ್ನು ಒರಗಿಸಿಡುತ್ತೇವೆ. ನನ್ನ ವರ್ಕ್‌ಶಾಪಿನ ಹಿಂಗೋಡೆಯಲ್ಲಿ ನಾಲ್ಕು ಅಡಿ ಅಗಲ, ಐದು ಅಡಿ ಎತ್ತರದ ಭಾಗವನ್ನು ನಾನು ಬಿಚ್ಚಿ ಕಟ್ಟಿದ್ದು ಒಂದು ಸಲವಲ್ಲ, ಎರಡು ಸಲ. ಮೊದಲನೆಯ ಸಲದ ಕೆಲಸ ಏಕೆ ಕೆಟ್ಟಿತು ಎಂಬುದನ್ನು ಗಾರೆಯ ವಿಷಯ ಬಂದಾಗ ಹೇಳುತ್ತೇನೆ.

ಈ ಬರಹ ಯಾವ ಗೋಡೆಗೆ ಅನ್ವಯಿಸುತ್ತದೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ಶೀಟಿನ ಅಥವಾ ಹೆಂಚಿನ ಹಗುರವಾದ ಮಾಡು (ಸೂರು) ಇರುವ, ಒಂದೇ ಅಂತಸ್ತಿನ, ಒಂಬತ್ತು ಇಂಚು ದಪ್ಪದ ಇಟ್ಟಿಗೆ ಗೋಡೆಯಲ್ಲಿ ಒಂದು ತುಂಡನ್ನು ಬದಲಿಸುವುದು ಎಚ್ಚರದಿಂದ ಕೆಲಸ ಮಾಡುವ ಮನೆಯವರ ಕೈಗೆ ಎಟುಕುವ ಕೆಲಸ. ಗೋಡೆಯ ಮೇಲೆ ಆರ್‌ಸಿಸಿ ಚಾವಣಿ ಅಥವಾ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಹಳೆಯ ಚಾವಣಿ) ಕುಳಿತಿದ್ದರೆ, ಮೇಲೆ ಇನ್ನೊಂದು ಅಂತಸ್ತು ಇದ್ದರೆ, ಬಿರುಕು ತಳಪಾಯದಿಂದಲೇ ಮೇಲೆದ್ದಿದ್ದರೆ ಅಥವಾ ಗೋಡೆಯು ಪಕ್ಕದ ಮನೆಯವರೊಂದಿಗೆ ಹಂಚಿಕೊಂಡದ್ದಾಗಿದ್ದರೆ ಒಂದು ಇಟ್ಟಿಗೆಯನ್ನೂ ಅಲುಗಿಸುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸಿ. ಅವರಿಗೆ ಕೊಡುವ ಶುಲ್ಕವನ್ನು ಉಳಿಸಲು ಹೋಗುವುದು ಜಾಣತನವಲ್ಲ.

ಮೊದಲು ನೀರಿನ ದಾರಿ

ಇಟ್ಟಿಗೆ ತಾನಾಗಿ ಪುಡಿಯಾಗುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಎಲ್ಲಿಂದಲೋ ನೀರು ಬರುತ್ತಿರುತ್ತದೆ, ಮತ್ತು ಆ ನೀರಿನ ದಾರಿಯನ್ನು ಮುಚ್ಚದೆ ಕಟ್ಟಿದ ಹೊಸ ಗೋಡೆಯೂ ಕೆಲವೇ ಮಳೆಗಾಲಗಳಲ್ಲಿ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ನನ್ನ ಗೋಡೆಯಲ್ಲಿ ತಾರಸಿಯ ಮಳೆನೀರಿನ ಪೈಪು ನೆಲದಿಂದ ಎರಡು ಅಡಿ ಮೇಲೆಯೇ ಮುಗಿದಿತ್ತು. ಅಲ್ಲಿಂದ ಬಿದ್ದ ನೀರು ಚಪ್ಪಡಿ ಕಲ್ಲಿಗೆ ಬಡಿದು ಗೋಡೆಯ ಬುಡಕ್ಕೆ ಸಿಡಿಯುತ್ತಿತ್ತು. ಕೆಳಗಿನ ಐದು ವರಸೆಗಳಲ್ಲಿ (ಇಟ್ಟಿಗೆ ಸಾಲುಗಳಲ್ಲಿ) ಇಟ್ಟಿಗೆಯ ಮುಖ ಪದರು ಪದರಾಗಿ ಎದ್ದು, ಅದರ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿಯ ಉಪ್ಪು ಕೂತಿತ್ತು. ಅದಕ್ಕೂ ಮೇಲಿನ ಭಾಗ ಒಂದು ಇಂಚಿನಷ್ಟು ಹೊಟ್ಟೆ ಬಿಟ್ಟಿತ್ತು.

ತೂಕದ ಗುಂಡನ್ನು ಗೋಡೆಯ ನೆತ್ತಿಯಿಂದ ಇಳಿಬಿಟ್ಟು, ದಾರಕ್ಕೂ ಗೋಡೆಗೂ ನಡುವಿನ ಅಂತರವನ್ನು ಅಡಿಗೊಂದರಂತೆ ಅಳೆದು ಬರೆದುಕೊಳ್ಳಿ. ಹೊಟ್ಟೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಆಗ ನಿಖರವಾಗಿ ತಿಳಿಯುತ್ತದೆ. ಅನಂತರ ಸುತ್ತಿಗೆಯ ಹಿಡಿಯಿಂದ ಗಿಲಾವಿನ (ಪ್ಲಾಸ್ಟರಿನ) ಮೇಲೆ ಮೆಲ್ಲಗೆ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬರುವಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಬಿಚ್ಚಬೇಕಾದ ಭಾಗ ಆ ಗೆರೆಗಿಂತ ಒಂದು ಇಟ್ಟಿಗೆಯಷ್ಟಾದರೂ ಆಚೆಗೆ ಹೋಗುತ್ತದೆ ಎಂದು ಲೆಕ್ಕ ಹಾಕಿರಿ. ಗೋಡೆಯ ಬುಡದಲ್ಲಿ ಗೆದ್ದಲಿನ ಮಣ್ಣುಗೆರೆ ಕಂಡರೆ ಅದಕ್ಕೂ ಈಗಲೇ ಚಿಕಿತ್ಸೆ ಮಾಡಿಸಿ. ವರ್ಕ್‌ಶಾಪಿನಲ್ಲಿ ಮರದ ಸರಕು ಇರುವಾಗ ಅದನ್ನು ಮುಂದೂಡುವಂತಿಲ್ಲ.

ಕಾಲದ ಆಯ್ಕೆಯೂ ಮುಖ್ಯ. ಬೆಂಗಳೂರಿನಲ್ಲಿ ಜನವರಿ, ಫೆಬ್ರವರಿ ತಿಂಗಳುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಏಪ್ರಿಲ್ ಕಡೆಯಿಂದ ಸಂಜೆಯ ಗುಡುಗು ಮಳೆ ಆರಂಭವಾಗುತ್ತದೆ, ಸೆಪ್ಟೆಂಬರ್‌, ಅಕ್ಟೋಬರ್‌ಗಳಲ್ಲಂತೂ ಬಿಚ್ಚಿದ ಗೋಡೆಯನ್ನು ಟಾರ್ಪಾಲಿನ ನಂಬಿಕೆಯ ಮೇಲೆ ಬಿಡುವುದು ಸಾಧ್ಯವಿಲ್ಲ.

ಸಾಮಾನು, ಇಟ್ಟಿಗೆ, ಲೆಕ್ಕ

ಕರಣೆ, ರಸಮಟ್ಟ, ತೂಕದ ಗುಂಡು, ಮೂಲೆಮಟ್ಟ, ನೈಲಾನ್ ದಾರ, ಅಗಲ ಬಾಯಿಯ ಉಳಿಯೊಂದು, ಚೂಪು ಉಳಿಯೊಂದು, ಒಂದು ಕೆ.ಜಿ. ಸುತ್ತಿಗೆ, ಎರಡು ಬಾಂಡ್ಲಿ, ಜಲ್ಲಡಿ, ಸಲಿಕೆ ಇಷ್ಟಿದ್ದರೆ ಕೈಸಾಮಾನು ಮುಗಿಯಿತು. ಎಸ್.ಜೆ.ಪಿ. ರಸ್ತೆಯಲ್ಲಿ ಅರ್ಧ ದಿನದಲ್ಲಿ ಎಲ್ಲವೂ ಸಿಗುತ್ತದೆ. ಆಸರೆಗೆ ಬೇಕಾದ ಕಬ್ಬಿಣದ ಜಾಕಿಗಳನ್ನು (ತಿರುಪಿನಿಂದ ಉದ್ದ ಹೊಂದಿಸುವ ಕಂಬಗಳನ್ನು) ಮಾತ್ರ ಕೊಳ್ಳದೆ, ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವವರಿಂದ ತರುವುದು ಲೇಸು. ಕಣ್ಣಿಗೆ ಕನ್ನಡಕ, ಕೈಗೆ ಗವಸು, ತಲೆಗೆ ಹೆಲ್ಮೆಟ್ಟು, ಮೂಗಿಗೆ ಎನ್‌-95 ಮಾಸ್ಕು ಬೇಕೇ ಬೇಕು. ಇಟ್ಟಿಗೆ ಮತ್ತು ಗಾರೆಯ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ಮೂಗಿಗೆ ಕಟ್ಟಿದ ಟವೆಲ್ಲು ಅದನ್ನು ತಡೆಯುವುದಿಲ್ಲ.

ಒಂಬತ್ತು ಇಂಚಿನ ಗೋಡೆಗೆ ಒಂದು ಚದರ ಮೀಟರಿಗೆ ಸುಮಾರು 100 ಇಟ್ಟಿಗೆ ಹಿಡಿಯುತ್ತದೆ. ನಾಲ್ಕು ಅಡಿಗೆ ಐದು ಅಡಿ ಎಂದರೆ 1.86 ಚದರ ಮೀಟರು. ಒಡೆಯುವುದು ಬಡಿಯುವುದು ಸೇರಿ 200 ಇಟ್ಟಿಗೆ ಸಾಕು. ಬಿಚ್ಚಿದ ಗೋಡೆಯಿಂದಲೇ ಅರ್ಧದಷ್ಟು ಮರಳಿ ಸಿಗಬಹುದು. ಸಿಮೆಂಟು 50 ಕೆ.ಜಿ.ಯ ಒಂದು ಮೂಟೆ, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಏಳು ಘನ ಅಡಿ ತರಿಸಿಕೊಂಡರೆ ಕೊನೆಗೆ ಸ್ವಲ್ಪ ಉಳಿಯುತ್ತದೆ. ಗಿಲಾವಿಗೆ ಬೇಕಾದ ನುಣುಪು ಪಿ-ಸ್ಯಾಂಡ್ ಬೇರೆ. ಅಂಗಡಿಯವರು ಎರಡನ್ನೂ ಒಂದೇ ಎಂದು ಹೇಳಿದರೆ ಒಪ್ಪಬೇಡಿ.

ಮಾಲೂರಿನ ಕಡೆಯಿಂದ ಬರುವ ಇಟ್ಟಿಗೆಯಿರಲಿ, ಬೇರೆ ಭಟ್ಟಿಯದಿರಲಿ, ಪರೀಕ್ಷೆ ಒಂದೇ. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿದರೆ ಲೋಹದಂತೆ ಠಣ್ ಎನ್ನಬೇಕು. ಉಗುರಿನಿಂದ ಗೀರಿದರೆ ಗುರುತು ಬೀಳಬಾರದು. ಸೊಂಟದೆತ್ತರದಿಂದ ಮಣ್ಣುನೆಲಕ್ಕೆ ಬಿಟ್ಟರೆ ಒಡೆಯಬಾರದು. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಇಟ್ಟಿಗೆ 24 ಗಂಟೆ ನೀರಿನಲ್ಲಿ ನೆನೆದ ಮೇಲೆ ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ನೀರನ್ನು ಹೀರಬಾರದು. ಅಡುಗೆಮನೆಯ ತಕ್ಕಡಿ ಇದ್ದರೆ ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಸಿಮೆಂಟಿನ ಸಾಲಿಡ್ ಬ್ಲಾಕುಗಳಿಂದ ತುಂಬಿದರೆ ಕೆಲಸ ಬೇಗ ಮುಗಿಯುತ್ತದೆ ಎಂದು ಹಲವರು ಹೇಳುತ್ತಾರೆ. ಹಳೆಯ ಇಟ್ಟಿಗೆಯ ನಡುವೆ ಬ್ಲಾಕು ಕೂರಿಸುವುದು ನನಗೆ ಒಪ್ಪಿಗೆಯಿಲ್ಲ: ಎರಡರ ಕುಗ್ಗುವಿಕೆ ಬೇರೆ, ವರಸೆಯ ಎತ್ತರ ಬೇರೆ, ಕೂಡುವ ಜಾಗದಲ್ಲಿ ಬಿರುಕು ಬರುವ ಸಂಭವ ಹೆಚ್ಚು.

ಆಸರೆ ಕೊಟ್ಟು ಬಿಚ್ಚುವುದು

ಕೆಲಸದ ಅರ್ಧದಷ್ಟು ಎಚ್ಚರಿಕೆ ಇಲ್ಲಿಯೇ ಖರ್ಚಾಗಬೇಕು. ಮೊದಲು ಆ ಕೊಠಡಿಯ ಎಂಸಿಬಿಯನ್ನು ಇಳಿಸಿ, ಗೋಡೆಯಲ್ಲಿರುವ ಪ್ಲಗ್ ಪಾಯಿಂಟಿಗೆ ಟೆಸ್ಟರ್ ಹಿಡಿದು ಕರೆಂಟು ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಹಳೆಯ ಕೊಠಡಿಗಳಲ್ಲಿ ಗೋಡೆಯೊಳಗಿನ ಪೈಪು ಯಾವ ದಿಕ್ಕಿನಲ್ಲಿ ಓಡುತ್ತದೆ ಎಂಬುದನ್ನು ಊಹಿಸಲಾಗದು, ಆದ್ದರಿಂದ ಉಳಿಯನ್ನು ಮೊದಲ ಬಾರಿಗೆ ಊರುವಾಗ ಮೇಲುಮೇಲೆಯೇ ಹೋಗಿ. ಮಾಡಿಗೆ ಹಳೆಯ ಆಸ್ಬೆಸ್ಟಾಸ್ ಶೀಟು ಇದ್ದರೆ ಅದನ್ನು ಕೊರೆಯುವುದು, ಕತ್ತರಿಸುವುದು, ಒಡೆಯುವುದು ಬೇಡ. ಅದರ ನಾರು ಕಣ್ಣಿಗೆ ಕಾಣದಷ್ಟು ಸಣ್ಣದು, ಉಸಿರಾಟಕ್ಕೆ ಅಪಾಯಕಾರಿ.

ಬಿಚ್ಚುವ ಭಾಗದ ಮೇಲೆ ಬರುವ ಮಾಡಿನ ಪಟ್ಟಿಗೆ ಒಳಗಿನಿಂದ ಒಂದು ಜಾಕಿ ನಿಲ್ಲಿಸಿ. ಜಾಕಿಯ ಬುಡವನ್ನು ಮಣ್ಣಿನ ಮೇಲೆ ನೇರವಾಗಿ ಊರದೆ, ಎರಡು ಇಂಚು ದಪ್ಪದ ಹಲಗೆಯ ಮೇಲೆ ನಿಲ್ಲಿಸಬೇಕು. ಬಿಚ್ಚುವ ಭಾಗದ ಮೇಲೆ ಗೋಡೆ ಉಳಿಯುತ್ತದೆಯಾದರೆ (ನನ್ನದರಲ್ಲಿ ಮೂರು ಅಡಿ ಉಳಿದಿತ್ತು) ಆ ಉಳಿಯುವ ಭಾಗದಲ್ಲಿ ಬುಡಕ್ಕಿಂತ ಎರಡು ಮೂರು ವರಸೆ ಮೇಲೆ ಇಟ್ಟಿಗೆಯಷ್ಟು ದೊಡ್ಡ ತೂತು ಮಾಡಿ, ಗಟ್ಟಿಮರದ ಅಡ್ಡತೊಲೆಯೊಂದನ್ನು ಗೋಡೆಯ ಆರ್‌ಪಾರ್ ತೂರಿಸಿ, ಒಳಗೊಂದು ಹೊರಗೊಂದು ಜಾಕಿಯಿಂದ ಅದನ್ನು ಹೊರಿಸಬೇಕು. ಜಾಕಿಯ ತಿರುಪನ್ನು ಬಿಗಿಯುವಾಗ ಭಾರ ಹಿಡಿದದ್ದು ಕೈಗೆ ಗೊತ್ತಾದೊಡನೆ ನಿಲ್ಲಿಸಿ. ಇನ್ನೂ ತಿರುಗಿಸಿದರೆ ಆಸರೆಯೇ ಗೋಡೆಯನ್ನು ಎತ್ತಿ ಬಿರುಕು ಮಾಡುತ್ತದೆ. ಆಸರೆ ಎಷ್ಟೇ ಗಟ್ಟಿಯಿದ್ದರೂ ಒಮ್ಮೆಗೆ ಮೂರು ಅಡಿಗಿಂತ ಅಗಲವಾಗಿ ಬಿಚ್ಚಬೇಡಿ. ನಾಲ್ಕು ಅಡಿಯ ನನ್ನ ಭಾಗವನ್ನು ಎರಡೆರಡು ಅಡಿಯ ಎರಡು ಪಾಲು ಮಾಡಿ, ಮೊದಲ ಪಾಲನ್ನು ಪೂರ್ತಿ ಕಟ್ಟಿ ಗಟ್ಟಿಯಾಗಲು ಒಂದು ವಾರ ಬಿಟ್ಟು, ಎರಡನೆಯದಕ್ಕೆ ಕೈ ಹಾಕಿದೆ.

ಗಿಲಾವನ್ನು ಪೂರ್ತಿ ಕೆತ್ತಿ ತೆಗೆದ ಮೇಲೆ ಇಟ್ಟಿಗೆ ಬಿಚ್ಚುವುದನ್ನು ಯಾವಾಗಲೂ ಮೇಲಿನ ವರಸೆಯಿಂದ ಆರಂಭಿಸಬೇಕು. ಬುಡದಿಂದ ಕಿತ್ತರೆ ಮೇಲಿನದು ಯಾವಾಗ ಕುಸಿಯುತ್ತದೆ ಎಂಬ ತೀರ್ಮಾನ ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಮೊದಲನೆಯ ಇಟ್ಟಿಗೆಯೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅದು ನಾಲ್ಕೂ ಕಡೆ ಸಿಕ್ಕಿಕೊಂಡಿರುತ್ತದೆ. ಅದನ್ನು ಉಳಿಸಿಕೊಳ್ಳುವ ಆಸೆ ಬಿಟ್ಟು, ನಡುವೆ ಉಳಿ ಇಟ್ಟು ಒಡೆದು ಚೂರುಗಳನ್ನು ತೆಗೆಯಿರಿ. ಆಮೇಲಿನದು ಸುಲಭ: ಸುತ್ತಲಿನ ಸಂದಿನಲ್ಲಿ ಚೂಪು ಉಳಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೊಡೆದರೆ, ಗಾರೆ ಸಡಿಲಗೊಂಡ ಕ್ಷಣ ಸದ್ದು ಬದಲಾಗುತ್ತದೆ, ಬಿಗಿಯಾದ ಟಕ್ ಟಕ್ ಹೋಗಿ ಡಬ್ ಎನ್ನುವ ಮಂದ ಸದ್ದು ಬರುತ್ತದೆ. ಆಗ ಉಳಿ ಬಿಟ್ಟು ಕೈಯಿಂದ ಅಲ್ಲಾಡಿಸಿ ಎಳೆದರೆ ಇಟ್ಟಿಗೆ ಇಡಿಯಾಗಿ ಬರುತ್ತದೆ. ನನ್ನ ಗೋಡೆಯ ಒಳಗಿನ ಗಾರೆ ಬರಿಯ ಕೆಮ್ಮಣ್ಣಾಗಿತ್ತು. ಹೊರಗಿನ ಅರ್ಧ ಇಂಚಿಗೆ ಮಾತ್ರ ಸುಣ್ಣದ ಗಾರೆ ಮೆತ್ತಿದ್ದರು.

ಎರಡೂ ಬದಿಗಳಲ್ಲಿ ಉಳಿಯುವ ಗೋಡೆಯ ಅಂಚನ್ನು ನೇರವಾಗಿ ಕತ್ತರಿಸಿದಂತೆ ಬಿಡಬಾರದು. ಒಂದು ವರಸೆ ಬಿಟ್ಟು ಒಂದು ವರಸೆಯಲ್ಲಿ ಕಾಲು ಇಟ್ಟಿಗೆ, ಎಂದರೆ ಎರಡೂಕಾಲು ಇಂಚಿನಷ್ಟು, ಹಲ್ಲಿನಂತೆ ಮುಂದೆ ಚಾಚಿರುವಂತೆ ಬಿಡಿಸಿದರೆ ಹೊಸ ಇಟ್ಟಿಗೆ ಹಳೆಯದರೊಳಗೆ ಕಚ್ಚಿಕೊಳ್ಳುತ್ತದೆ. ಗ್ರೈಂಡರ್ ಮೆಷಿನ್ನಿನಿಂದ ನೀಟಾಗಿ ಕೊಯ್ದು ಪಕ್ಕದಲ್ಲಿ ಹೊಸ ಗೋಡೆ ಒತ್ತುವುದು ಬೇಗ ಆಗುವ ಕೆಲಸವಾದರೂ, ಆ ಗೆರೆ ಮುಂದೆ ಬಿರುಕಾಗಿ ಕಾಣಿಸಿಕೊಳ್ಳುತ್ತದೆ.

ಬಿಚ್ಚಿದ ಇಟ್ಟಿಗೆಗಳನ್ನು ಕರಣೆಯ ಅಂಚಿನಿಂದ ಕೆರೆದು, ಗಟ್ಟಿಯಿರುವುದನ್ನೂ ಉಪ್ಪು ಹಿಡಿದದ್ದನ್ನೂ ಬೇರೆ ಬೇರೆ ಪೇರಿಸಿ. ಉಪ್ಪು ಹಿಡಿದ ಇಟ್ಟಿಗೆಯನ್ನು ಎಷ್ಟು ತೊಳೆದರೂ ಮತ್ತೆ ಗೋಡೆಗೆ ಹಾಕಬೇಡಿ. ಅವಶೇಷವನ್ನು ರಾಜಕಾಲುವೆಯ ದಂಡೆಯಲ್ಲಿ, ಕೆರೆಯಂಚಿನಲ್ಲಿ ಸುರಿಯುವವರ ಟೆಂಪೋಗೆ ಹಾಕಿ ಕಳಿಸುವುದೂ ಬೇಡ. ಕಟ್ಟಡ ತ್ಯಾಜ್ಯದ ವಿಲೇವಾರಿಗೆ 2016ರಿಂದಲೇ ಕೇಂದ್ರದ ನಿಯಮಗಳಿವೆ. ಇಷ್ಟು ಚಿಕ್ಕ ಕೆಲಸದ ಇಟ್ಟಿಗೆ ಚೂರುಗಳನ್ನು ಹಿತ್ತಲಿನ ನೆಲದ ಕೆಳಗಿನ ಹಾಸಿಗೆಗೇ ಬಳಸಿಬಿಡಬಹುದು.

ಗಾರೆ: ನಾನು ಕೆಟ್ಟದ್ದು ಇಲ್ಲಿ

ಮೊದಲನೆಯ ಸಲ ನಾನು ಒಂದಕ್ಕೆ ಮೂರು ಪ್ರಮಾಣದಲ್ಲಿ, ಎಂದರೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಹಾಕಿ, ಗಾರೆ ಕಲಸಿದೆ. ಸಿಮೆಂಟು ಹೆಚ್ಚಾದಷ್ಟೂ ಗೋಡೆ ಗಟ್ಟಿ ಎಂಬುದು ಆಗಿನ ನನ್ನ ತಿಳಿವಳಿಕೆ. ಆರು ತಿಂಗಳು ಕಳೆಯುವುದರೊಳಗೆ ಹೊಸತೂ ಹಳೆಯದೂ ಕೂಡುವ ಗೆರೆಯುದ್ದಕ್ಕೂ ಕೂದಲೆಳೆಯ ಬಿರುಕು ಬಂತು, ಮಳೆಗಾಲ ಕಳೆದ ಮೇಲೆ ಪಕ್ಕದ ಹಳೆಯ ಇಟ್ಟಿಗೆಗಳ ಮುಖ ಉದುರತೊಡಗಿತು. ನೋಡಲು ಬಂದ ಹಿರಿಯ ಮೇಸ್ತ್ರಿಯೊಬ್ಬರು ಸಂದಿಗೆ ಮೊಳೆ ಗೀರಿ, ಗುರುತೇ ಬೀಳದ್ದನ್ನು ಕಂಡು, "ಗಾರೆ ಇಟ್ಟಿಗೆಗಿಂತ ಜೋರಾಗಬಾರ್ದು ಸಾರ್, ಜೋರಾದ್ರೆ ಸೋಲೋದು ಇಟ್ಟಿಗೆನೇ" ಎಂದರು. ಅವರ ಮಾತಿಗೆ ಕಾರಣ ಹೀಗಿದೆ. ಸಿಮೆಂಟು ಹೆಚ್ಚಿರುವ ಗಾರೆ ಒಣಗುವಾಗ ಹೆಚ್ಚು ಕುಗ್ಗುತ್ತದೆ, ಕುಗ್ಗಿದಾಗ ಅಂಚಿನಿಂದ ಬಿಡಿಸಿಕೊಳ್ಳುತ್ತದೆ. ಗೋಡೆಯೊಳಗಿನ ತೇವ ಸಾಮಾನ್ಯವಾಗಿ ಸಂದಿನ ಮೂಲಕ ಆವಿಯಾಗಿ ಹೋಗಬೇಕು. ಸಂದು ಬಿಗಿಯಾದರೆ ಮೆದುವಾದ ಹಳೆಯ ಇಟ್ಟಿಗೆಯ ಮೂಲಕವೇ ಹೋಗುತ್ತದೆ, ಹೋಗುವಾಗ ತಂದ ಉಪ್ಪನ್ನು ಅದರ ಮುಖದಲ್ಲಿ ಬಿಟ್ಟು, ಆ ಮುಖವನ್ನೇ ಸಿಡಿಸುತ್ತದೆ.

ಆದ್ದರಿಂದ ಹಳೆಯ ಗಾರೆಯನ್ನು ಮೊದಲು ಪರೀಕ್ಷಿಸಿ. ಬೂದು ಬಣ್ಣವಿದ್ದು ಮೊಳೆಗೆ ಜಗ್ಗದಿದ್ದರೆ ಅದು ಸಿಮೆಂಟಿನದು. ಆಗ ಒಂಬತ್ತು ಇಂಚಿನ ಗೋಡೆಗೆ ಒಂದು ಪಾಲು ಸಿಮೆಂಟು, ಆರು ಪಾಲು ಎಂ-ಸ್ಯಾಂಡ್ ಸಾಕು. ನಾಲ್ಕೂವರೆ ಇಂಚಿನ ತೆಳು ಗೋಡೆಯಾದರೆ ಒಂದಕ್ಕೆ ನಾಲ್ಕು ಕಲಸಿ, ಮೂರು ನಾಲ್ಕು ವರಸೆಗೊಮ್ಮೆ 6 ಮಿ.ಮೀ. ಸರಳುಗಳನ್ನು ಗಾರೆಯಲ್ಲಿ ಹೂತು ಕಟ್ಟುವುದು ವಾಡಿಕೆ. ಹಳೆಯ ಗಾರೆ ಬಿಳಿ ಚುಕ್ಕೆಗಳಿಂದ ಕೂಡಿದ್ದು ಮೊಳೆಗೆ ಸುಲಭವಾಗಿ ಕೆರೆದು ಬಂದರೆ ಸುಣ್ಣದ್ದು, ನೀರು ಹಾಕಿದೊಡನೆ ಕರಗಿದರೆ ಮಣ್ಣಿನದು. ಈ ಎರಡರಲ್ಲೂ ಒಂದು ಪಾಲು ಸಿಮೆಂಟು, ಎರಡು ಪಾಲು ಅರಳಿಸಿದ ಸುಣ್ಣ, ಒಂಬತ್ತು ಪಾಲು ಮರಳಿನ ಮಿಶ್ರಣ ಒಳ್ಳೆಯದು. ಎರಡನೆಯ ಸಲ ನಾನು ಬಳಸಿದ್ದು ಇದನ್ನೇ. ಎಂ-ಸ್ಯಾಂಡಿನ ಕಣಗಳು ಮೊನಚಾಗಿರುವುದರಿಂದ ಬರಿಯ ಸಿಮೆಂಟು ಗಾರೆ ಕರಣೆಯ ಮೇಲೆ ಒರಟಾಗಿ ಕೂರುತ್ತದೆ. ಸುಣ್ಣ ಸೇರಿದರೆ ಅದು ಬೆಣ್ಣೆಯಂತೆ ಹರಡುತ್ತದೆ ಎಂಬುದು ಇನ್ನೊಂದು ಲಾಭ. ಸುಟ್ಟ ಸುಣ್ಣವನ್ನು ಮನೆಯಲ್ಲಿ ಅರಳಿಸುವುದಾದರೆ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು, ಕನ್ನಡಕ ತೆಗೆಯಬಾರದು. ಅದು ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗಬಹುದು.

ಒಣ ಮಿಶ್ರಣವನ್ನು ಬಣ್ಣ ಒಂದೇ ಸಮನಾಗುವವರೆಗೆ ಮೂರು ನಾಲ್ಕು ಸಲ ಮಗುಚಿ, ಆಮೇಲೆ ನೀರು ಸೇರಿಸಿ. ಅರ್ಧ ಗಂಟೆಯೊಳಗೆ ಬಳಸಿ ಮುಗಿಸುವಷ್ಟನ್ನೇ, ಎಂದರೆ ಎರಡು ಮೂರು ಬಾಂಡ್ಲಿಯಷ್ಟನ್ನೇ, ಒಮ್ಮೆಗೆ ಕಲಸಿರಿ. ಬಿಗಿದುಕೊಂಡ ಗಾರೆಗೆ ಮತ್ತೆ ನೀರು ಚಿಮುಕಿಸಿ ಬಳಸುವುದು ನಮ್ಮಲ್ಲಿ ಬಹಳ ಕಡೆ ಕಾಣುವ ಕೆಟ್ಟ ಅಭ್ಯಾಸ. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಇದಕ್ಕೆ ಬಳಸಬೇಡಿ, ಅದರಲ್ಲಿ ಲವಣಗಳು ಹೆಚ್ಚಿರುತ್ತವೆ. ವಾಷಿಂಗ್ ಮೆಷಿನ್ನಿನ ಸೋಪಿನ ನೀರೂ ಬೇಡ.

ಕಟ್ಟುವುದು

ಕಟ್ಟುವ ಮುನ್ನ ಒಂದು ಅಳತೆ ಕೋಲನ್ನು ಮಾಡಿಕೊಳ್ಳಿ. ನೆಟ್ಟಗಿರುವ ಮರದ ಪಟ್ಟಿಯೊಂದನ್ನು ಉಳಿದಿರುವ ಹಳೆಯ ಗೋಡೆಗೆ ಒರಗಿಸಿ, ಪ್ರತಿಯೊಂದು ವರಸೆಯ ನೆತ್ತಿಯನ್ನು ಪೆನ್ಸಿಲಿನಿಂದ ಗುರುತಿಸಿ. ಹಳೆಯ ಇಟ್ಟಿಗೆಗೂ ಇಂದಿನ ಇಟ್ಟಿಗೆಗೂ ಎತ್ತರದಲ್ಲಿ ಕಾಲು ಇಂಚಿನ ವ್ಯತ್ಯಾಸ ಇರುವುದು ಸಾಮಾನ್ಯ. ಸಂದು 10 ಮಿ.ಮೀ. ಇರಬೇಕೆಂಬುದು ಸರಿಯಾದರೂ, ಹಲ್ಲಿಗೆ ಹಲ್ಲು ಕೂಡಬೇಕಾದ ಇಂತಹ ಕೆಲಸದಲ್ಲಿ ಪ್ರತಿ ವರಸೆಯಲ್ಲೂ ಆ ವ್ಯತ್ಯಾಸವನ್ನು ಸಂದಿನಲ್ಲಿ ಹಂಚಿಹಾಕುವುದೊಂದೇ ದಾರಿ. ಕೋಲಿಲ್ಲದೆ ಕಟ್ಟಿದರೆ ನಾಲ್ಕನೆಯ ವರಸೆಗೆ ಬರುವಷ್ಟರಲ್ಲಿ ಹಳೆಯ ಹಲ್ಲೂ ಹೊಸ ಇಟ್ಟಿಗೆಯೂ ಮುಖ ತಿರುಗಿಸಿ ನಿಂತಿರುತ್ತವೆ.

ಇಟ್ಟಿಗೆಗಳನ್ನು ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ಪೂರ್ತಿ ನಿಲ್ಲುವವರೆಗೆ ನೆನೆಸಿ, ಹೊರಗೆ ತೆಗೆದು ಮೈಮೇಲಿನ ನೀರು ಆರುವವರೆಗೆ ಬಿಡಿ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿ ಅದನ್ನು ಪುಡಿ ಮಾಡುತ್ತದೆ. ನೀರು ಸುರಿಯುವ ಇಟ್ಟಿಗೆ ಗಾರೆಯ ಮೇಲೆ ಜಾರುತ್ತದೆ. ಉಳಿದ ಹಳೆಯ ಗೋಡೆಯ ಅಂಚುಗಳಿಂದ ಧೂಳನ್ನು ಕುಂಚದಿಂದ ತೆಗೆದು, ಅವನ್ನೂ ಹಿಂದಿನ ಸಂಜೆಯೇ ಚೆನ್ನಾಗಿ ನೆನೆಸಿರಬೇಕು.

ಗೋಡೆಯ ಬುಡದಲ್ಲಿ ತೇವ ತಡೆಯುವ ಪದರ ಇಲ್ಲದಿದ್ದರೆ ಅದನ್ನು ಕೂಡಿಸಲು ಇದೇ ಸಮಯ. ನೆಲಮಟ್ಟಕ್ಕಿಂತ ಮೇಲೆ, ಪಾಯದ ನೆತ್ತಿಯಲ್ಲಿ, ವಾಟರ್‌ಪ್ರೂಫಿಂಗ್ ಪುಡಿ ಸೇರಿಸಿದ 1:2:4ರ (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟನ್ನು ಒಂದೂವರೆ ಇಂಚು ದಪ್ಪ ಹಾಕಿ ಒಂದು ದಿನ ಬಿಟ್ಟು ಮೊದಲ ವರಸೆ ಇಡಿ. ದಾರವನ್ನು ಎರಡೂ ಕಡೆಯ ಹಳೆಯ ವರಸೆಗಳಿಗೆ ಸೇರಿಸಿ ಬಿಗಿದು ಕಟ್ಟಿ. ಗಾರೆಯನ್ನು ಹರಡಿ, ಕರಣೆಯ ತುದಿಯಿಂದ ನಡುವೆ ಸಣ್ಣ ಗೀರು ಎಳೆದು, ಇಟ್ಟಿಗೆಯ ತುದಿಗೆ ಗಾರೆ ಮೆತ್ತಿ, ಗುಳಿಯಿರುವ ಮೈಯನ್ನು ಮೇಲೆ ಮಾಡಿ, ಒತ್ತಿ ಸರಿಸಿ ಕೂರಿಸಿ. ಕರಣೆಯ ಹಿಡಿಯಿಂದ ಎರಡು ಸಲ ತಟ್ಟಿದರೆ ಸಂದಿನಿಂದ ಗಾರೆ ಉಕ್ಕಬೇಕು. ಉಕ್ಕದಿದ್ದರೆ ಒಳಗೆ ಪೊಳ್ಳು ಉಳಿದಿದೆ ಎಂದರ್ಥ. ಉಕ್ಕಿದ್ದನ್ನು ಕರಣೆಯಿಂದ ಕೊಯ್ದು ಮುಂದಿನ ಇಟ್ಟಿಗೆಗೆ ಮೆತ್ತಿ. ಒಮ್ಮೆ ಕೂತ ಇಟ್ಟಿಗೆಯನ್ನು ಆಮೇಲೆ ಅಲುಗಿಸಬಾರದು. ಓರೆಯಾಗಿದ್ದರೆ ಕಿತ್ತು, ಗಾರೆ ಕೆರೆದು, ಹೊಸದಾಗಿ ಇಡಬೇಕು.

ಒಂದು ವರಸೆಯ ನಿಲುವು ಸಂದು ಕೆಳಗಿನ ವರಸೆಯ ನಿಲುವು ಸಂದಿನ ಮೇಲೆ ಬರಬಾರದು. ಒಂಬತ್ತು ಇಂಚಿನ ಗೋಡೆಯಲ್ಲಿ ಒಂದು ವರಸೆಯನ್ನು ಉದ್ದುದ್ದವಾಗಿ, ಮುಂದಿನದನ್ನು ಅಡ್ಡಡ್ಡವಾಗಿ ಇಡುವ ಇಂಗ್ಲಿಷ್ ಬಾಂಡ್ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದೆ. ಆದರೂ ಪಕ್ಕದ ಹಳೆಯ ಗೋಡೆ ಯಾವ ಕ್ರಮದಲ್ಲಿದೆಯೋ ಅದನ್ನೇ ಅನುಸರಿಸಿ. ಮೂರು ವರಸೆಗೊಮ್ಮೆ ತೂಕದ ಗುಂಡು, ರಸಮಟ್ಟ ಹಿಡಿದು ನೋಡಿ. ದಿನಕ್ಕೆ ಒಂದು ಮೀಟರಿಗಿಂತ ಎತ್ತರ ಬೇಡ, ಹಸಿ ಗಾರೆ ಮೇಲಿನ ಭಾರಕ್ಕೆ ಜಗ್ಗುತ್ತದೆ. ಗಿಲಾವು ಮಾಡುವುದಿದ್ದರೆ ಅದೇ ಸಂಜೆ ಸಂದುಗಳನ್ನು ಅರ್ಧ ಇಂಚಿನಷ್ಟು ಕೆರೆದುಬಿಡಿ. ಮರುದಿನ ಅದು ಆಗದ ಕೆಲಸ.

ಕೊನೆಯ ವರಸೆಗೂ ಮೇಲಿನ ಹಳೆಯ ಗೋಡೆಗೂ ನಡುವೆ ಒಂದು ಇಂಚಿನಷ್ಟು ಜಾಗ ಬಿಟ್ಟು ಮೂರು ನಾಲ್ಕು ದಿನ ಕಾಯಿರಿ. ಹೊಸ ಗೋಡೆ ಕುಗ್ಗುವಷ್ಟು ಕುಗ್ಗಿದ ಮೇಲೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಮಾತ್ರ ತೇವವಿರುವ ಒಂದಕ್ಕೆ ಮೂರರ ಗಾರೆಯನ್ನು ಆ ಸಂದಿಗೆ ತುಂಬಿ, ಮರದ ಪಟ್ಟಿಯಿಂದ ಗುದ್ದಿ, ನಡುನಡುವೆ ಕಲ್ಲುಚೂರು ಬಿಗಿದು, ಎರಡೂ ಮುಖದಿಂದ ಗಟ್ಟಿಮಾಡಬೇಕು. ಈ ಒಂದು ಜಾಗದಲ್ಲಿ ಮಾತ್ರ ಸಿಮೆಂಟು ಹೆಚ್ಚಿದ್ದರೂ ಅಡ್ಡಿಯಿಲ್ಲ. ಜಾಕಿಗಳನ್ನು ಇಳಿಸಲು ಇದಾದ ಮೇಲೆ ಇನ್ನೂ ಏಳು ದಿನ ಬಿಡಿ. ಇಳಿಸುವಾಗಲೂ ತಿರುಪನ್ನು ಬೆಳಿಗ್ಗೆ ಅರ್ಧ ಸುತ್ತು, ಸಂಜೆ ಅರ್ಧ ಸುತ್ತು ಸಡಿಲಿಸಿ. ಅಡ್ಡತೊಲೆಯ ತೂತನ್ನು ಕೊನೆಯಲ್ಲಿ ಮುಚ್ಚಿ.

ನೀರು ಹಾಕುವುದು ಮತ್ತು ಗಿಲಾವು

ಏಳು ದಿನ ಗೋಡೆ ಒಣಗಬಾರದು. ಸುಣ್ಣ ಸೇರಿದ ಗಾರೆಗೆ ಹತ್ತು ದಿನವಾದರೆ ಇನ್ನೂ ಒಳ್ಳೆಯದು. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿಯು ಕಟ್ಟಡದ ಕೆಲಸಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಪೈಪು ಹಿಡಿದು ಗೋಡೆಗೆ ನೀರು ಹೊಡೆಯುವ ಅಭ್ಯಾಸವನ್ನು ಬಿಡಲು ಅಷ್ಟು ಕಾರಣ ಸಾಕು. ಗೋಣಿಚೀಲಗಳನ್ನು ಗೋಡೆಗೆ ಇಳಿಬಿಟ್ಟು ದಿನಕ್ಕೆ ಮೂರು ಸಲ ಚೊಂಬಿನಿಂದ ನೆನೆಸಿದರೆ ನೀರೂ ಉಳಿಯುತ್ತದೆ, ತೇವವೂ ನಿಲ್ಲುತ್ತದೆ.

ಗಿಲಾವಿಗೆ ಆತುರ ಬೇಡ. ಆಸರೆಗಳೆಲ್ಲ ಇಳಿದು, ಗೋಡೆ ಒಂದು ವಾರ ಹಾಗೆಯೇ ನಿಂತು, ಹೊಸ ಬಿರುಕು ಕಾಣದಿದ್ದರೆ ಮಾಡಿ. ಹೊಸತೂ ಹಳೆಯದೂ ಕೂಡುವ ಗೆರೆಯ ಎರಡೂ ಬದಿಗೆ ಆರಾರು ಇಂಚು ಬರುವಂತೆ ಕೋಳಿಬಲೆಯನ್ನು ಮೊಳೆ ಹೊಡೆದು ಬಿಗಿದು, ಒಳಮೈಗೆ 12 ಮಿ.ಮೀ., ಹೊರಮೈಗೆ 15ರಿಂದ 20 ಮಿ.ಮೀ. ಹಾಕಿದರೆ ಸಾಕು. ಸುಣ್ಣದ ಗಾರೆಯ ಗೋಡೆಗೆ ಗಿಲಾವಿನಲ್ಲಿಯೂ ಸುಣ್ಣ ಇರಲಿ, ಅದರ ಮೇಲೆ ಪ್ಲಾಸ್ಟಿಕ್ಕಿನಂತೆ ಮುಚ್ಚುವ ಪೇಂಟು ಬಳಿಯಬೇಡಿ.

ವೈಸನ್ನೋ ಭಾರದ ಶೆಲ್ಫನ್ನೋ ಈ ಗೋಡೆಗೆ ಕೂರಿಸುವ ಮೊದಲು 28 ದಿನ ಕಳೆಯಲಿ. ಆ್ಯಂಕರ್ ಬೋಲ್ಟಿನ ತೂತು ಇಟ್ಟಿಗೆಯ ನಡುವೆ ಬರಬೇಕು, ಸಂದಿನಲ್ಲಿ ಅಲ್ಲ. ಸುತ್ತಿಗೆ ಪೆಟ್ಟು ಬೀಳುವ ಬೆಂಚನ್ನು ಗೋಡೆಗೆ ತಾಗಿಸದೆ ನೆಲಕ್ಕೇ ಬಿಗಿಯಿರಿ. ನನ್ನ ಮಳೆನೀರಿನ ಪೈಪು ಈಗ ನೆಲದವರೆಗೂ ಇಳಿದು, ಗೋಡೆಯಿಂದ ಎರಡು ಅಡಿ ದೂರದ ಚರಂಡಿಗೆ ಸೇರುತ್ತದೆ. ಅದಕ್ಕೆ ತಗುಲಿದ್ದು ಒಂದು ಬೆಂಡು, ಐದು ಅಡಿ ಪೈಪು ಮತ್ತು ಅರ್ಧ ಗಂಟೆ.